ವಾಲ್ ನನ್ನ ಕೈಯಲ್ಲಿತ್ತು

ಕಳ್ಳಿ ಗಿಡ ನೀರಿಲ್ಲದೆ ಹೇಗೆ ಬದುಕುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮಾತು ಬರುತ್ತದೆ. ಬೇರೆ ವಿಷಯಕ್ಕೆ ಅಷ್ಟಾಗಿ ಬಾಯಿ ಬಿಡದವಳು ಇದನ್ನು ಮಾತ್ರ ನಿಂತ ಕಾಲಲ್ಲೇ ಅರ್ಧ ಗಂಟೆ ಹೇಳುತ್ತೇನೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದಾಗಲೂ ಹಾಗೇ. ಪುಸ್ತಕದಲ್ಲಿ ಒಂದೆರಡು ಪ್ಯಾರಾ ಇದ್ದ ಭಾಗಕ್ಕೆ ಇಡೀ ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಆ ಉತ್ಸಾಹದ ಬಗ್ಗೆ ನನಗೆ ಹೆಮ್ಮೆಯಿತ್ತು. ಈಗ ಅದು ಪೂರ್ತಿ ಹೋಗಿದೆ ಅಂತ ಹೇಳಲಾರೆ. ಆದರೆ ಪಕ್ಕದಲ್ಲೇ ಒಂದು ಅನುಮಾನವೂ ಬಂದು ಕೂತಿದೆ. ನನಗೆ ಇಷ್ಟವಾಗಿದ್ದು ಗಿಡವೋ, ಅಥವಾ ಅದು ನನ್ನನ್ನು ಏನೂ ಕೇಳುವುದಿಲ್ಲ ಅನ್ನುವುದೋ?

ಆ ಪಾಠವನ್ನು ನಾನು ಕಳ್ಳಿಯಿಂದ ಶುರು ಮಾಡುತ್ತಿರಲಿಲ್ಲ, ಕಾಡುಬಸಳೆಯಿಂದ ಮಾಡುತ್ತಿದ್ದೆ. ಬೆಂಗಳೂರಿನಲ್ಲಿ ನಾವಿರುವ ಹೇರೋಹಳ್ಳಿಯಲ್ಲಿ ಅದು ಕಾಂಪೌಂಡಿನ ಬುಡದಲ್ಲಿ, ಒಡೆದ ಬಕೆಟ್ಟಿನಲ್ಲಿ, ಎಲ್ಲಿ ಬೇಕಾದರೂ ಹಬ್ಬಿರುತ್ತದೆ. ಕಿಡ್ನಿ ಕಲ್ಲಿಗೆ ಮದ್ದು ಅಂತ ಗೇಟು ತಟ್ಟಿ ಎಲೆ ಕೇಳಿಕೊಂಡು ಹೋಗುವವರಿದ್ದಾರೆ. ಬೆಳಗಿನ ಜಾವ ಅದರ ಎಲೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡಿದರೆ ಹುಳಿ, ದವಡೆ ಜುಮ್ಮೆನ್ನುವಷ್ಟು. ಮಧ್ಯಾಹ್ನ ಅದೇ ಗಿಡದ ಎಲೆ ಸಪ್ಪೆ. ಸಂಜೆಗೆ ತುಸು ಕಹಿ. ಇದನ್ನು ಗಮನಿಸಿ ಬರೆದಿಟ್ಟವನು ಬೆಂಜಮಿನ್ ಹೈನೆ. ಟಿಪ್ಪು ತೀರಿಹೋದ ಮೇಲೆ ನಮ್ಮ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ. ಭಾರತದ ತನ್ನ ತೋಟದಲ್ಲಿ ಬೆಳೆದಿದ್ದ ಗಿಡದ ಎಲೆ ಹೊತ್ತಿಗೊಂದು ರುಚಿ ಕೊಡುವುದನ್ನು 1813ರಲ್ಲಿ ಒಂದು ಪತ್ರದಲ್ಲಿ ಬರೆದ. 1815ರಲ್ಲಿ ಅದು ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಉಪಕರಣ ಅಂತ ಅವನ ಹತ್ತಿರ ಇದ್ದದ್ದು ನಾಲಗೆ ಒಂದೇ.

ಆ ಹುಳಿಯೇ ಕಳ್ಳಿಯ ಬದುಕಿನ ಲೆಕ್ಕವೂ ಹೌದು. ಗಿಡ ತನ್ನ ಆಹಾರ ಮಾಡಿಕೊಳ್ಳಲು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬೇಕು. ಅದು ಒಳಗೆ ಬರಬೇಕಾದರೆ ಪತ್ರರಂಧ್ರ ತೆರೆಯಬೇಕು, ತೆರೆದರೆ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಮಾವು, ಹೊಂಗೆ, ರಾಗಿ ಎಲ್ಲ ಹಗಲಲ್ಲೇ ತೆರೆಯುತ್ತವೆ, ನೀರು ಹೋದರೆ ಬೇರು ಮತ್ತೆ ತರುತ್ತದೆ ಅನ್ನುವ ಧೈರ್ಯದಲ್ಲಿ. ಕಳ್ಳಿಗೆ ಆ ಧೈರ್ಯವಿಲ್ಲ. ಬಿಸಿಲಿಳಿದು ನೆಲ ತಣ್ಣಗಾದ ಮೇಲೆ, ರಾತ್ರಿ ತೆರೆಯುತ್ತದೆ. ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಮಾಡಿ ಜೀವಕೋಶದ ರಸದಾನಿಯಲ್ಲಿ ಕೂಡಿಡುತ್ತದೆ. ಬೆಳಕು ಹರಿಯುವ ಹೊತ್ತಿಗೆ ಬಾಗಿಲು ಹಾಕಿಕೊಂಡು, ಆ ಆಮ್ಲವನ್ನು ಒಡೆದು, ಹಗಲೆಲ್ಲ ಅದರಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಎಲೆ ಇದ್ದರೆ ನೀರು ಪೋಲು ಅಂತ ಎಲೆಯನ್ನೇ ಬಿಟ್ಟುಕೊಟ್ಟಿದೆ. ನಾವು ಮುಳ್ಳು ಅನ್ನುವುದು ಎಲೆಯೇ ರೂಪ ಬದಲಿಸಿಕೊಂಡದ್ದು. ಎಲೆ ಮಾಡಬೇಕಾದ ಕೆಲಸವನ್ನು ಮೇಣ ಬಳಿದುಕೊಂಡ ಹಸಿರು ಕಾಂಡ ಮಾಡುತ್ತದೆ. ಅದರ ಏಣುಗಳು ಹಾರ್ಮೋನಿಯಂ ತಿದಿಯ ಹಾಗೆ, ನೀರು ಸಿಕ್ಕಾಗ ಬಿಚ್ಚಿಕೊಳ್ಳುತ್ತವೆ, ಇಲ್ಲದಾಗ ಮಡಚಿಕೊಳ್ಳುತ್ತವೆ, ಚರ್ಮ ಎಲ್ಲೂ ಹರಿಯುವುದಿಲ್ಲ. ಬೇರು ಆಳಕ್ಕಿಳಿಯುವುದು ಕಡಿಮೆ. ಮೇಲ್ಮಣ್ಣಿನಲ್ಲೇ ಅಗಲಕ್ಕೆ ಹರಡಿರುತ್ತದೆ. ಒಂದು ಹದ ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಹೊಸ ಎಳೆಬೇರು ಬಿಡುತ್ತದೆ, ಮಣ್ಣು ಒಣಗಿದರೆ ಅದನ್ನು ಉದುರಿಸಿಬಿಡುತ್ತದೆ.

ಇಷ್ಟು ಹೇಳಿ ನಾನು ಹುಡುಗರ ಮುಖ ನೋಡುತ್ತಿದ್ದೆ. ಈ ಬಿಗಿತ ನನಗೆ ಚಂದ ಕಾಣುತ್ತಿತ್ತು, ಈಗಲೂ ಕಾಣುತ್ತದೆ. ಅದನ್ನು ಸುಳ್ಳು ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ.

ಮಾಗಡಿ ರಸ್ತೆಯಿಂದ ಒಳಕ್ಕೆ, ಹೇರೋಹಳ್ಳಿ ಕೆರೆಯ ಕಡೆ ನಮ್ಮ ಮನೆ. ಮೂವತ್ತು ನಲವತ್ತರ ಸೈಟು. ಮೇಲೆ ನಾವು, ಕೆಳಗೆ ಬಾಡಿಗೆಗೆ ಕಟ್ಟಿಸಿದ ಸಣ್ಣ ಸಣ್ಣ ಮನೆಗಳು. ಈ ಕಡೆ, ಸುಂಕದಕಟ್ಟೆ, ಅಂಜನಾನಗರ ಎಲ್ಲ ಸೇರಿಸಿ, ಬಾಡಿಗೆಗೆ ಬರುವವರಲ್ಲಿ ಗಾರ್ಮೆಂಟ್ಸಿಗೆ ಹೋಗುವವರು ಬಹಳ. ಪೀಣ್ಯದಲ್ಲಿ ಶಿಫ್ಟು ಮಾಡುವವರೂ ಇದ್ದಾರೆ. ನಮ್ಮಲ್ಲೂ ಅಂಥವರೇ. ತಾರಸಿಯ ಮೇಲೆ ನನ್ನ ಕಳ್ಳಿ ಕುಂಡಗಳು, ಅವುಗಳ ಪಕ್ಕದಲ್ಲಿ ಎರಡು ಸಿಂಟೆಕ್ಸು. ಒಂದು ನಮಗೆ, ಇನ್ನೊಂದು ಕೆಳಗಿನವರಿಗೆ. ಎರಡಕ್ಕೂ ನೀರು ಹೋಗುವುದು ಒಂದೇ ಸಂಪಿನಿಂದ. ಎರಡು ಲೈನಿಗೂ ಗೇಟ್‌ವಾಲ್ ಇದೆ.

2024ರ ಬೇಸಗೆ ಈ ಊರಿನವರಿಗೆ ಮರೆತಿರಲಾರದು. ಹಿಂದಿನ ವರ್ಷದ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 13,900 ಸರ್ಕಾರಿ ಬೋರುಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತು. ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಾರು ತೊಳೆಯಲು, ಗಿಡಗಳಿಗೆ ಹಾಕಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಆ ಸುದ್ದಿ ಓದಿದ ದಿನ ನನಗೆ ಒಳಗೊಳಗೇ ಸಂತೋಷವಾದದ್ದು ನೆನಪಿದೆ. ಎದುರು ಮನೆಯ ತಾರಸಿಯಲ್ಲಿ ಗುಲಾಬಿ, ದಾಸವಾಳ ಎಲ್ಲ ಸುಟ್ಟುಹೋಗುತ್ತಿದ್ದವು. ನನ್ನ ಕುಂಡಗಳು ಹಾಗೇ ನಿಂತಿದ್ದವು. ನಾನು ಮೊದಲೇ ಮುಂದಾಲೋಚನೆ ಮಾಡಿದ್ದೆ, ನೀರಿನ ಬೆಲೆ ತಿಳಿದವಳು, ಅಂತ ಅಂದುಕೊಂಡೆ. ನಾಲ್ಕು ಜನರ ಎದುರು ಹೇಳಿಯೂ ಇದ್ದೆ. ಅದು ನಿಜವಲ್ಲ. ನೀರು ಉಳಿಸಲು ಅಂತ ನಾನು ಕಳ್ಳಿ ಬೆಳೆಸಿದ್ದಲ್ಲ. ಸಂಜೆ ಬಂದ ತಕ್ಷಣ ನೀರು ಕೊಡು ಅಂತ ಬಾಡಿ ನಿಲ್ಲುವ ಗಿಡ ನನಗೆ ಆಗದು. ಊರಿಗೆ ಹೋಗಿ ಬಂದಾಗ ಒಣಗಿದ ಎಲೆ ನೋಡಿ ಅಪರಾಧಿಯ ಹಾಗೆ ಅನ್ನಿಸುವುದು ನನಗೆ ಬೇಡವಾಗಿತ್ತು. ಬರಿ ಸೋಮಾರಿತನ ಅಂದುಬಿಟ್ಟರೆ ಸುಲಭ. ಆದರೆ ಸೋಮಾರಿತನಕ್ಕಿಂತ ಇದು ಸ್ವಲ್ಪ ಬೇರೆ. ಯಾರಾದರೂ ನನ್ನನ್ನು ಕೇಳುವ ಸ್ಥಿತಿಯಲ್ಲಿದ್ದರೆ ನನಗೆ ಕಿರಿಕಿರಿ. ಕೇಳದೆ ಇದ್ದುಬಿಟ್ಟರೆ ಅವರ ಮೇಲೆ ಪ್ರೀತಿ, ಗೌರವ ಎರಡೂ ಉಕ್ಕುತ್ತವೆ.

ನಮ್ಮ ಬೋರು ಪೂರ್ತಿ ನಿಲ್ಲಲಿಲ್ಲ. ಸಣ್ಣಗಾಯಿತು, ಗಾಳಿ ಜೊತೆ ಕೆಂಪು ನೀರು ಬರತೊಡಗಿತು. ಟ್ಯಾಂಕರ್ ಹೇಳಿದರೆ ಎರಡು ದಿನ ಕಾಯಬೇಕು. ಹಾಗಾಗಿ ಕೆಳಗಿನ ಮನೆಗಳಿಗೆ ಬೆಳಗ್ಗೆ ಒಂದು ಗಂಟೆ, ರಾತ್ರಿ ಒಂದು ಗಂಟೆ ನೀರು ಬಿಡುವುದು ಅಂತ ತೀರ್ಮಾನ ಮಾಡಿದೆವು. ಮಾಡಿದೆವು ಅಂತ ಬರೆದೆ. ತೀರ್ಮಾನ ಮಾಡಿದ್ದು ನಾನು, ನಮ್ಮವರು ಹೂಂ ಅಂದರು. ಬೆಳಗ್ಗೆ ಐದೂವರೆಗೆ ತಾರಸಿಗೆ ಹೋಗಿ ವಾಲ್ ತಿರುಗಿಸುತ್ತಿದ್ದೆ. ಆರೂವರೆಗೆ ಮತ್ತೆ ಹೋಗಿ ಮುಚ್ಚುತ್ತಿದ್ದೆ. ಆ ಒಂದು ಗಂಟೆ ಕೆಳಗೆ ಡ್ರಮ್ಮು, ಬಿಂದಿಗೆ, ಬಕೆಟ್ಟುಗಳ ಸದ್ದು.

ಮೇಲೆ ನಾವೂ ಕಡಿಮೆ ಮಾಡಿದ್ದೆವು. ವಾಷಿಂಗ್ ಮೆಷಿನ್ ನಿಲ್ಲಿಸಿದೆ, ಪಾತ್ರೆ ತೊಳೆದ ನೀರನ್ನು ಹಿಡಿದಿಟ್ಟು ಬಚ್ಚಲಿಗೆ ಹಾಕಿದೆ. ಇದನ್ನು ಹೇಳಿಕೊಳ್ಳದೆ ಇರಲು ನನಗೆ ಕಷ್ಟವಾಗುತ್ತಿದೆ, ಅಷ್ಟರಿಂದಲೇ ಇದಕ್ಕೆ ಎಷ್ಟು ತೂಕ ಕೊಡಬೇಕು ಅಂತ ಗೊತ್ತಾಗುತ್ತದೆ. ನಾನು ಎಷ್ಟು ಕಡಿಮೆ ಮಾಡಿಕೊಳ್ಳಬೇಕು ಅಂತ ತೀರ್ಮಾನಿಸಿದ್ದು ನಾನು. ಅವರು ಎಷ್ಟು ಕಡಿಮೆ ಮಾಡಿಕೊಳ್ಳಬೇಕು ಅಂತ ತೀರ್ಮಾನಿಸಿದ್ದೂ ನಾನೇ. ನಮ್ಮ ಲೈನಿನ ವಾಲ್ ಮುಟ್ಟುವ ಯೋಚನೆ ಕೂಡ ಬರಲಿಲ್ಲ. ಬೇಡ ಅಂತ ಬಿಟ್ಟದ್ದಾಗಿದ್ದರೆ ಅದೊಂದು ಲೆಕ್ಕ. ತಲೆಗೇ ಬಾರದೆ ಹೋದದ್ದು ಬೇರೆ.

ಆ ದಿನಗಳಲ್ಲಿ ತಂಗಿ ಫೋನ್ ಮಾಡಿದಾಗ ಬಾಡಿಗೆಯವರು ಗಲಾಟೆ ಮಾಡುತ್ತಿಲ್ಲವೇ ಅಂತ ಕೇಳಿದಳು. "ಇಲ್ಲಮ್ಮ, ಪಾಪ, ಈ ಹುಡುಗೀರು ಗಟ್ಟಿ. ಎಂಥದಕ್ಕೂ ಅಡ್ಜಸ್ಟ್ ಆಗ್ತಾರೆ, ಒಂದು ಮಾತು ಆಡಲ್ಲ" ಅಂದೆ. ಹೊಗಳಿಕೆಯ ಧ್ವನಿಯಲ್ಲೇ ಅಂದೆ. ಮನಸಾರೆ ಅಂದೆ. ಕಳ್ಳಿಯ ಪಾಠ ಮಾಡುವಾಗ ಬರುತ್ತಿದ್ದ ಧ್ವನಿಯೇ ಅದು ಅಂತ ಆಗ ಹೊಳೆಯಲಿಲ್ಲ.

ಪಾಠದಲ್ಲಿ ನಾನು ಹುಡುಗರಿಗೆ ಖಡಾಖಂಡಿತವಾಗಿ ಹೇಳುತ್ತಿದ್ದ ಒಂದು ವಿಷಯವಿತ್ತು. ಯಾವ ಗಿಡವೂ ತಾನಾಗಿ ಬರಕ್ಕೆ ಒಗ್ಗಿಕೊಳ್ಳುವುದಿಲ್ಲ. ಕಳ್ಳಿಯ ಕುಟುಂಬ ಅಮೆರಿಕ ಖಂಡಗಳಲ್ಲಿ ಹುಟ್ಟಿ ಈ ರೂಪಕ್ಕೆ ಬರಲು ಸುಮಾರು 3 ಕೋಟಿ ವರ್ಷ ಹಿಡಿದಿದೆ. ಆ ಕಾಲವೆಲ್ಲ ನೀರು ಹಿಡಿದಿಡಲಾರದವು ಸಾಯುತ್ತ ಬಂದವು, ಹಿಡಿದಿಟ್ಟವು ಬೀಜ ಬಿಟ್ಟವು. ನಾವು ಹೊಂದಾಣಿಕೆ ಅಂತ ಮೆಚ್ಚುವುದರ ಹಿಂದೆ ಇರುವುದು ಅಷ್ಟು ಸಾವು. ಇದನ್ನು ಪರೀಕ್ಷೆಯಲ್ಲಿ ತಪ್ಪು ಬರೆದವರಿಗೆ ಅಂಕ ಕಳೆದಿದ್ದೇನೆ. ಅದೇ ನಾನು, ಕೆಳಗಿನ ಮನೆಯ ಹುಡುಗಿಯರು ಕೆಲವೇ ವಾರಗಳಲ್ಲಿ ಒಗ್ಗಿಕೊಂಡುಬಿಟ್ಟರು ಅಂತ ನಂಬಿದೆ. ಅವರು ಒಗ್ಗಿಕೊಂಡಿರಲಿಲ್ಲ, ಸುಮ್ಮನಿದ್ದರು. ಮಾತಾಡಿದರೆ ಮನೆ ಖಾಲಿ ಮಾಡಿ ಅಂತ ಹೇಳಿಯಾರು ಅನ್ನುವ ಭಯವಿದ್ದಿರಬಹುದು. ಅಡ್ವಾನ್ಸ್ ನನ್ನ ಹತ್ತಿರವೇ ಇತ್ತು.

ಗಟ್ಟಿತನ ಅಂದರೆ ಎಲ್ಲದಕ್ಕೂ ಗಟ್ಟಿ ಅಂತಲ್ಲ ಅನ್ನುವುದನ್ನು ನಾನು ಪುಸ್ತಕಕ್ಕಿಂತ ಮುಂಚೆಯೇ ನೋಡಿದ್ದೆ. ಶಿರಾ ಕಡೆಯ ನಮ್ಮೂರಿನಲ್ಲಿ ಹೊಲದ ಬದುಗಳಲ್ಲೆಲ್ಲ ಪಾಪಾಸುಕಳ್ಳಿ. ದನ ಮುಟ್ಟುತ್ತಿರಲಿಲ್ಲ, ಕಡಿದು ಎಸೆದರೆ ಬಿದ್ದಲ್ಲೇ ಬೇರು ಬಿಡುತ್ತಿತ್ತು. ಹಣ್ಣನ್ನು ನೆಲಕ್ಕೆ ಉಜ್ಜಿ ಸಣ್ಣ ಮುಳ್ಳು ತೆಗೆದು ತಿಂದು, ಆದರೂ ನಾಲಗೆಗೆ ಚುಚ್ಚಿಸಿಕೊಂಡು ಅಳುತ್ತಿದ್ದೆವು. ಕೆಲವು ಗಿಡಗಳ ಮೇಲೆ ಬಿಳಿ ಅರಳೆ ಅಂಟಿದ ಹಾಗೆ ಕಾಣುತ್ತಿತ್ತು. ಬೆರಳಲ್ಲಿ ಒತ್ತಿದರೆ ಕಡುಗೆಂಪು ರಸ. ಉಗುರಿನ ಸಂದಿಯಲ್ಲಿ ಎರಡು ದಿನ ಉಳಿಯುತ್ತಿತ್ತು, ರಕ್ತ ಅಂತ ಹೇಳಿ ಅಜ್ಜಿಯನ್ನು ಹೆದರಿಸುತ್ತಿದ್ದೆವು. ಕಾಚಿನೀಲ್ ಜಾತಿಯ ಹುಳ ಅದು ಅಂತ ತಿಳಿದದ್ದು ಬಹಳ ಕಾಲದ ಮೇಲೆ. ಬಟ್ಟೆಯ ಕೆಂಪು ಬಣ್ಣಕ್ಕಾಗಿ ಸ್ಪೇನಿನವರು ಮೆಕ್ಸಿಕೊದಿಂದ ಮಾರುತ್ತಿದ್ದ ಹುಳಕ್ಕೆ ಜಗತ್ತಿನಲ್ಲೆಲ್ಲ ಬೆಲೆಯಿತ್ತು. ಅದನ್ನು ಇಲ್ಲೇ ಸಾಕೋಣ ಅಂತ ಈಸ್ಟ್ ಇಂಡಿಯಾ ಕಂಪನಿಗೆ ಆಸೆ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬುವನು ರಿಯೊ ಡಿ ಜನೈರೊದಿಂದ ಕಲ್ಕತ್ತೆಗೆ ಹುಳ ತಂದ. ತಂದದ್ದು ಬೇರೆ ಜಾತಿ, ಅದರ ಬಣ್ಣ ಕೀಳು. ವ್ಯಾಪಾರ ಕೈಗೂಡಲಿಲ್ಲ, ಆದರೆ ಆ ಹುಳ ಒಂದು ಜಾತಿಯ ಕಳ್ಳಿಯನ್ನು ಬಯಲುಗಟ್ಟಲೆ ತಿಂದು ಮುಗಿಸಿತು. ಉಳಿದ ಜಾತಿಗಳು ಮತ್ತೆ ಹೊಲ, ಗೋಮಾಳಗಳನ್ನು ನುಂಗಿದಾಗ 1926ರಲ್ಲಿ ಸಿಂಹಳದಿಂದ ಇನ್ನೊಂದು ಹುಳವನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಟ್ಟರು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆಯ ಕಳ್ಳಿ ಕೊಳೆತು ಮಲಗಿತು. ಬರಗಾಲ ಕೊಲ್ಲಲಾರದ್ದನ್ನು, ಕೊಡಲಿ ಕೊಲ್ಲಲಾರದ್ದನ್ನು, ಕೆಲವೇ ಮಿಲಿಮೀಟರಿನ ಒಂದು ಹುಳ.

ಅಷ್ಟೇಕೆ, ಹೆಚ್ಚು ನೀರು ಹಾಕಿದರೂ ಕಳ್ಳಿ ಸಾಯುತ್ತದೆ. ನನ್ನ ಕುಂಡಗಳಲ್ಲಿ ಸತ್ತವು ಬಹುಪಾಲು ಮಳೆಗಾಲದಲ್ಲೇ, ಬುಡ ಮೆತ್ತಗಾಗಿ. ಅರಿಜೋನಾದ ಮರುಭೂಮಿಯಲ್ಲಿ 12 ಮೀಟರ್‌ಗೂ ಮೀರಿ ನಿಲ್ಲುವ ಸಗುವಾರೊ ಕಳ್ಳಿ ಸಿನಿಮಾಗಳಲ್ಲಿ ಒಂಟಿ ವೀರನ ಹಾಗೆ ಕಾಣುತ್ತದೆ. ಅದರ ಸಸಿ ಮೊದಲ 8 ವರ್ಷದಲ್ಲಿ ಒಂದೂವರೆ ಇಂಚೂ ಬೆಳೆಯುವುದು ಅನುಮಾನ, ಅದೂ ಬೇರೊಂದು ಮರದ ನೆರಳಿನಲ್ಲಿ ಹುಟ್ಟಿದ್ದರೆ. ಬಯಲಲ್ಲಿ ಬಿದ್ದ ಬೀಜ ಮೊಳೆತರೂ ಬಿಸಿಲಿಗೆ, ಚಳಿಗೆ, ಇಲಿ ಅಳಿಲುಗಳಿಗೆ ಹೋಗುತ್ತದೆ. ಆ ನೆರಳು ಕೊಟ್ಟ ಮರ ಆಮೇಲೆ ಕಳ್ಳಿಯ ಬೇರಿನ ಪೈಪೋಟಿಯಲ್ಲಿ ಸೊರಗುವುದೂ ಉಂಟು. ಈ ಭಾಗ ನಾನು ಕಾಲೇಜಿನಲ್ಲಿ ಹೇಳಿದ್ದು ನೆನಪಿಲ್ಲ. ಗೊತ್ತಿರಲಿಲ್ಲ ಅಂತಲ್ಲ. ಒಂಟಿಯಾಗಿ, ಯಾರ ಹಂಗೂ ಇಲ್ಲದೆ ನಿಂತ ಗಿಡ ಅಂತ ಹೇಳುವುದು ನನಗೆ ಹೆಚ್ಚು ಹಿಡಿಸುತ್ತಿತ್ತು.

ಕೆಳಗಿನ ಮನೆಯ ಹುಡುಗಿಯೊಬ್ಬಳ ಬಗ್ಗೆ ಬರೆಯಬೇಕು. ಹೆಸರು ಬೇಡ. ಉತ್ತರ ಕರ್ನಾಟಕದ ಕಡೆಯವಳು, ಹೊಲಿಗೆ ಲೈನಿನಲ್ಲಿ ಕೆಲಸ. ಬಂದ ಹೊಸದರಲ್ಲಿ ಒಂದು ಸಲ ಮೆಟ್ಟಿಲ ಹತ್ತಿರ ನಿಂತು, "ಆಂಟಿ, ನಾ ಬಿಎ ಕಟ್ಟೇನ್ರಿ, ದೂರಶಿಕ್ಷಣದಾಗ. ಮುಂಜಾನೆ ಎದ್ದು ಓದ್ತೀನ್ರಿ, ಆಮೇಲೆ ಟೈಮ್ ಸಿಗಂಗಿಲ್ಲ" ಅಂದಿದ್ದಳು. ನನಗೆ ಖುಷಿಯಾಗಿತ್ತು, ಏನಾದರೂ ಬೇಕಾದರೆ ಕೇಳು ಅಂದಿದ್ದೆ. ನಾನು ವಾಲ್ ತೆರೆಯುತ್ತಿದ್ದದ್ದು ಐದೂವರೆಗೆ. ಏಳಕ್ಕೆಲ್ಲ ಅವಳು ಬಸ್ಸಿಗೆ ನಿಂತಿರುತ್ತಿದ್ದಳು. ಓದುವ ಗಂಟೆಯೂ ನೀರು ಹಿಡಿಯುವ ಗಂಟೆಯೂ ಒಂದೇ ಅಂತ ನಾನು ಕೂಡಿಸಿ ನೋಡಿದ್ದು ಎಷ್ಟೋ ತಿಂಗಳ ಮೇಲೆ.

ಕಳ್ಳಿಯ ವಿಷಯದಲ್ಲಿ ಇದಕ್ಕೆ ಹತ್ತಿರದ್ದೊಂದು ಇದೆ. ಬರ ತೀರಾ ಬಿಗಿಯಾದಾಗ ಅದು ರಾತ್ರಿ ಕೂಡ ರಂಧ್ರ ತೆರೆಯುವುದಿಲ್ಲ. ತಾನು ಉಸಿರಾಡಿ ಬಿಟ್ಟ ಅನಿಲವನ್ನೇ ಒಳಗೆ ಹಿಡಿದು, ಅದನ್ನೇ ಆಮ್ಲ ಮಾಡಿ, ಅದನ್ನೇ ಒಡೆದು ದಿನ ದೂಡುತ್ತದೆ. ತಿಂಗಳುಗಟ್ಟಲೆ ಹಾಗಿರಬಲ್ಲದು. ಹೊರಗಿನಿಂದ ನೋಡಿದರೆ ಹಸಿರಾಗೇ ಇರುತ್ತದೆ. ಆದರೆ ಆ ಅವಧಿಯಲ್ಲಿ ಅದು ಬೆಳೆಯುವುದಿಲ್ಲ, ಹೂ ಬಿಡುವುದಿಲ್ಲ. ಸಾಯದೆ ಇರುವುದಷ್ಟೇ. ನನ್ನ ಕುಂಡಗಳನ್ನು ನೋಡಿ ಚೆನ್ನಾಗಿವೆ ಅಂತ ನಾನು ಸಮಾಧಾನ ಪಡುತ್ತಿದ್ದ ದಿನಗಳಲ್ಲಿ ಅವುಗಳಲ್ಲಿ ಎಷ್ಟೋ ಇದೇ ಸ್ಥಿತಿಯಲ್ಲಿದ್ದವು. ಹುಡುಗಿಯನ್ನೂ ಕಳ್ಳಿಯನ್ನೂ ಪಕ್ಕಪಕ್ಕ ಇಡುವುದು ನನಗೆ ಸರಿ ಕಾಣುತ್ತಿಲ್ಲ. ಹಾಗೆ ಇಟ್ಟೇ ಅಲ್ಲವೇ ನಾನು ಅವಳನ್ನು ಗಟ್ಟಿ ಅಂದದ್ದು. ಆದರೂ ಆ ಒಂದು ಗಂಟೆಯನ್ನು ನಾನು ಏನು ಮಾಡಿದೆ ಅಂತ ನನಗೆ ಅರ್ಥವಾದದ್ದು ಈ ದಾರಿಯಲ್ಲೇ.

ಏಪ್ರಿಲ್ ಪೂರ್ತಿ ಒಣಗಿ, ಮೇ ತಿಂಗಳಲ್ಲಿ ಮಳೆ ಬಂತು. ಬೋರು ಸ್ವಲ್ಪ ಚೇತರಿಸಿಕೊಂಡಿತು. ನಾನು ನೀರಿನ ಹೊತ್ತು ಬದಲಿಸಲಿಲ್ಲ. ಇನ್ನೂ ನೋಡೋಣ, ಮುಂಗಾರು ಹಿಡಿಯಲಿ ಅಂದುಕೊಂಡೆ. ಅದರಲ್ಲಿ ಎಚ್ಚರಿಕೆ ಎಷ್ಟಿತ್ತು, ರೂಢಿ ಎಷ್ಟಿತ್ತು, ವಾಲ್ ತಿರುಗಿಸುವುದರಲ್ಲಿ ನನಗೆ ಸಿಗುತ್ತಿದ್ದ ಒಂದು ಥರದ ಯಜಮಾನಿಕೆ ಎಷ್ಟಿತ್ತು, ಬಿಡಿಸಿ ಹೇಳಲಾರೆ.

ಆ ಮಳೆಯ ನಂತರ ತಾರಸಿಯ ಬ್ರಹ್ಮಕಮಲ ಮೊಗ್ಗು ಕಟ್ಟಿತು. ಬೆಂಗಳೂರಿನ ಮನೆಗಳಲ್ಲಿ ಬ್ರಹ್ಮಕಮಲ ಅಂತ ಬೆಳೆಸುವುದೂ ಕಳ್ಳಿಯೇ. ಮೆಕ್ಸಿಕೊ, ಮಧ್ಯ ಅಮೆರಿಕದ ಮಳೆಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಜಾತಿ. ಎಲೆಯ ಹಾಗೆ ಕಾಣುವುದು ಅದರ ಚಪ್ಪಟೆ ಕಾಂಡ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಹೂ ಅರಳುವುದು ರಾತ್ರಿ, ಬೆಳಗಾಗುವಷ್ಟರಲ್ಲಿ ಜೋತುಬೀಳುತ್ತದೆ. ಅರಳುವ ರಾತ್ರಿ ಅಕ್ಕಪಕ್ಕದವರನ್ನು ಕರೆಯುವುದು ವಾಡಿಕೆ. ನಾನೂ ಕೆಳಗಿನವರನ್ನು ಕರೆದೆ. ಹತ್ತೂವರೆ ಹನ್ನೊಂದರ ಹೊತ್ತು. ಆ ಹುಡುಗಿ ಓಟಿ ಮುಗಿಸಿ ಬಂದು ಊಟ ಮಾಡುತ್ತಿದ್ದಳಂತೆ, ಕೈ ತೊಳೆದುಕೊಂಡು ಬಂದಳು. ಬಿಳಿ ಎಸಳು ಒಂದೊಂದೇ ಹಿಂದಕ್ಕೆ ಸರಿಯುವುದನ್ನು ಎಲ್ಲರೂ ನೋಡಿದರು, ಫೋಟೊ ತೆಗೆದರು, ಒಬ್ಬಾಕೆ ಊದುಬತ್ತಿ ಹಚ್ಚಿ ಕೈಮುಗಿದಳು. ಹುಡುಗಿ ಸ್ವಲ್ಪ ಹೊತ್ತು ನೋಡಿ ಹಿಂದೆ ಸರಿದು, ನಮ್ಮ ಸಿಂಟೆಕ್ಸಿಗೆ ಒರಗಿ ನಿಂತಳು. ಬೆರಳ ಗೆಣ್ಣಿನಲ್ಲಿ ಅದನ್ನು ತಟ್ಟಿದಳು. ನೀರು ಎಲ್ಲಿವರೆಗಿದೆ ಅಂತ ನೋಡಲು ಎಲ್ಲರೂ ತಟ್ಟುವ ಹಾಗೆ, ಕೈ ತಾನಾಗಿ ಹೋಗುತ್ತದೆ. ಬುಡದಲ್ಲಿ ತಟ್ಟಿದಳು, ನಡುವೆ ತಟ್ಟಿದಳು, ಭುಜದೆತ್ತರದಲ್ಲಿ ತಟ್ಟಿದಳು. ಎಲ್ಲ ಕಡೆಯೂ ತುಂಬಿದ ಸದ್ದೇ. ಪಕ್ಕದ ಟ್ಯಾಂಕನ್ನು ತಟ್ಟಲಿಲ್ಲ. ನನ್ನ ಕಡೆ ನೋಡಿ, "ಹೂವ ಭಾಳ ಚಂದ ಐತ್ರಿ ಆಂಟಿ" ಅಂದಳು.

ಆ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಕೋಪ ಮಾಡಿಕೊಳ್ಳಬಹುದಿತ್ತು. ಮರುದಿನ ಬೆಳಗ್ಗೆ ವಾಲ್ ಮುಚ್ಚದೆ ಬಿಟ್ಟೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಮಳೆ ಬಂತಲ್ಲ, ಇನ್ನು ತೊಂದರೆಯಿಲ್ಲ ಅಂತ ನಮ್ಮವರಿಗೆ ಅಂದೆ. ತುಂಬಿದ ಟ್ಯಾಂಕಿನ ಸದ್ದು ಅವಳು ಕೇಳಿದ್ದಕ್ಕೆ ನಾಚಿಕೆಯಾಗಿ ಬಿಟ್ಟದ್ದು. ಅವಳು ಕೇಳಿರದಿದ್ದರೆ? ಟ್ಯಾಂಕ್ ತುಂಬಿರುವುದು ನನಗೆ ಮೊದಲೂ ಗೊತ್ತಿತ್ತಲ್ಲ. ಪರೀಕ್ಷೆ ಬರೆದೆಯಾ ಅಂತ ಅವಳನ್ನು ಕೇಳಲಿಲ್ಲ. ಆ ವರ್ಷದ ದಸರಾ ಆದ ಮೇಲೆ ಅವಳು ಕೆಲಸ ಬದಲಿಸಿ ಬೊಮ್ಮನಹಳ್ಳಿ ಕಡೆಗೆ ಹೋದಳು. ಅಡ್ವಾನ್ಸ್ ಹಿಂದಿರುಗಿಸುವಾಗ ಪೇಂಟಿಂಗ್ ಅಂತ ಹಿಡಿಯುವ ದುಡ್ಡನ್ನು ಹಿಡಿಯಲಿಲ್ಲ. ಅಷ್ಟರಿಂದ ನನಗೆ ಸ್ವಲ್ಪ ಹಗುರವಾಯಿತು, ಹಾಗೆ ಹಗುರವಾದದ್ದೇ ಸರಿ ಅನ್ನಿಸುವುದಿಲ್ಲ.

ಅದೇ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ, ದಿನಕ್ಕೆ 77.5 ಕೋಟಿ ಲೀಟರ್. ಪೇಪರಿನಲ್ಲಿ ಓದುತ್ತ, ಇನ್ನು ವಾಲ್ ತಿರುಗಿಸುವ ಪ್ರಸಂಗ ಬರುವುದಿಲ್ಲ ಅಂತ ನಿಟ್ಟುಸಿರು ಬಿಟ್ಟೆ. ನೀರು ಸಾಕಷ್ಟು ಬಂದುಬಿಟ್ಟರೆ ನಾನು ಎಂಥವಳು ಅನ್ನುವ ಪ್ರಶ್ನೆಯೂ ಬರುವುದಿಲ್ಲ, ಆ ನಿಟ್ಟುಸಿರು ಬಹುಶಃ ಅದಕ್ಕೆ.

ಈ ಸಲ ಬೇಸಗೆಯ ಮೊದಲಿಗೇ ಬೋರಿನ ನೀರು ಮತ್ತೆ ಸಣ್ಣಗಾಯಿತು. ತಾರಸಿಗೆ ಹೋದೆ. ಕೈ ಮೊದಲು ಹೋದದ್ದು ಕೆಳಗಿನವರ ವಾಲಿಗೇ. ಅರ್ಧ ತಿರುಗಿಸಿದ ಮೇಲೆ ನೆನಪಾಗಿ, ನಮ್ಮದನ್ನೂ ಅಷ್ಟೇ ತಿರುಗಿಸಿದೆ. ಆಮೇಲೆ ಕೆಳಗಿಳಿದು ಎಲ್ಲರ ಬಾಗಿಲ ಹತ್ತಿರ ನಿಂತು, ನಮ್ಮದನ್ನೂ ಇಷ್ಟೇ ಬಿಟ್ಟಿದ್ದೀನಿ, ಬೇಕಾದರೆ ಬಂದು ನೋಡಿ ಅಂತ ಹೇಳಿ ಬಂದೆ. ಹೇಳುವಾಗ ನನ್ನ ಧ್ವನಿ ಸ್ವಲ್ಪ ಜೋರಾಗೇ ಇತ್ತು. ಯಾರೂ ನೋಡಲು ಬರಲಿಲ್ಲ.